ಮುಗಿಯದ ಹಬ್ಬದ ಕುರಿತು ಒಂದು ಸಂಶೋಧನೆ

ನಾನು ಬರೀ ಬಿ.ಎ., ಬಿ.ಎಡ್. ಪಿಎಚ್.ಡಿ. ಮಾಡಬೇಕೆಂಬ ಆಸೆಯೊಂದಿತ್ತು. ಮದುವೆ, ಮಕ್ಕಳು, ಅತ್ತೆಯವರ ಮಂಡಿನೋವು ಇವುಗಳ ನಡುವೆ ಅದು ಒಲೆಯ ಮೇಲಿಟ್ಟು ಮರೆತ ಹಾಲಿನಂತೆ ಉಕ್ಕಿಹೋಯಿತು. ಈಗ ಐವತ್ತು ದಾಟಿದ ಮೇಲೆ, ಯಾವ ಗೈಡಿನ ಹಂಗೂ ಇಲ್ಲದೆ, ನಾನೇ ಒಂದು ಸಂಶೋಧನೆಗೆ ಕೈಹಾಕಿದ್ದೇನೆ. ವಿಷಯ: ಹೋರಿ ಹಬ್ಬ ಮುಗಿಯುವುದು ಯಾವಾಗ? ಕ್ಷೇತ್ರ: ಸೊರಬ ತಾಲ್ಲೂಕಿನ ಕುಪ್ಪಗಡ್ಡೆ ಮತ್ತು ಸುತ್ತಲಿನ ಊರುಗಳು. ಆಕರ: ನನ್ನ ತರಗತಿಯ ಹಾಜರಿ ಪುಸ್ತಕ.

ಪೇಟೆಯ ಓದುಗರಿಗಾಗಿ ಮೊದಲು ವ್ಯಾಖ್ಯೆ. ದೀಪಾವಳಿಯ ಬಲಿಪಾಡ್ಯಮಿಗೆ ನಮ್ಮ ಸೊರಬ, ಶಿಕಾರಿಪುರ, ಆಚೆಯ ಹಾವೇರಿ ಸೀಮೆಗಳಲ್ಲಿ ಹೋರಿಯ ಮೈತೊಳೆದು, ಬಲೂನು, ಗೆಜ್ಜೆಗಳಿಂದ ಸಿಂಗರಿಸಿ, ಕೊರಳಿಗೆ ಕೊಬ್ಬರಿ ಹಾರ ಕಟ್ಟಿ ಜನರ ನಡುವೆ ಓಡಿಸುತ್ತಾರೆ. ಹುಡುಗರು ಹಾರ ಹರಿಯಬೇಕು, ಹೋರಿ ಹರಿಯಗೊಡಬಾರದು. ಇಷ್ಟೇ ಆಟ.

ಬಲಿಪಾಡ್ಯಮಿ ಒಂದೇ ದಿನ ಎಂದು ಪಂಚಾಂಗ ಹೇಳುತ್ತದೆ. ಆದರೆ ನಮ್ಮೂರ ಹಬ್ಬಕ್ಕೆ ಪಕ್ಕದೂರಿನ ಹೋರಿ ಬಂದು ಹೋದ ಮೇಲೆ ಪಕ್ಕದೂರಿನವರು ಸುಮ್ಮನಿರಲು ಸಾಧ್ಯವೆ? ಮುಯ್ಯಿಗೆ ಮುಯ್ಯಿ. ಅವರಲ್ಲೂ ಅಖಾಡ ಸಿದ್ಧವಾಗುತ್ತದೆ. ಅವರನ್ನು ನೋಡಿ ಅವರಾಚೆಯವರು. ಹೀಗೆ ಭತ್ತದ ಕೊಯ್ಲು ಮುಗಿದು, ಅಡಿಕೆ ಕೊನೆ ಇಳಿದು, ಸಂಕ್ರಾಂತಿಯ ಎಳ್ಳು ಬೀರಿದರೂ ಹಬ್ಬ ಮಾತ್ರ ಮುಗಿದಿರುವುದಿಲ್ಲ. ಬಹುಮಾನಗಳೂ ಬೆಳೆದಿವೆ. ಹಿಂದೆ ಹರಿದ ಕೊಬ್ಬರಿಯೇ ಬಹುಮಾನ. ಈಗ ಬೈಕು, ಬಂಗಾರ, ಫ್ರಿಜ್ಜು. ಫ್ರಿಜ್ಜಿನಲ್ಲಿ ಹೋರಿ ಏನನ್ನಿಡುತ್ತದೆ ಎಂಬುದು ಮುಂದಿನ ಸಂಶೋಧಕರಿಗೆ ಬಿಟ್ಟ ವಿಷಯ.

ಇನ್ನು ಹಾಜರಿ ಪುಸ್ತಕ. ಹತ್ತನೇ ತರಗತಿಯ ಹುಡುಗನೊಬ್ಬನ ಅಜ್ಜಿ ಒಂದೇ ವರ್ಷ ನವೆಂಬರ್ ಮತ್ತು ಜನವರಿಯ ನಡುವೆ ಮೂರು ಸಲ ತೀರಿಕೊಂಡರು. ಮೂರು ಸಲವೂ ಅದೇ ದಿನ ಎಲ್ಲೋ ಹೋರಿ ಹಬ್ಬ. ಮೂರನೆಯ ಸಾವಿನ ಮರುದಿನ ಆ ಅಜ್ಜಿ ಸಂತೆಯಲ್ಲಿ ಸಿಕ್ಕಿ, "ಚೆನ್ನಾಗಿದ್ದೀರಾ ಅಕ್ಕೋರೇ?" ಎಂದು ನನ್ನನ್ನೇ ವಿಚಾರಿಸಿದರು.

ಇದು ನಮ್ಮವರದೊಂದೇ ಕಾಯಿಲೆಯಲ್ಲ. ಅಮೆರಿಕದಲ್ಲಿರುವ ನನ್ನ ತಂಗಿಯ ಮಗ ಹೇಳಿದ. ಅಲ್ಲಿ ಕಾಲೇಜು ಹುಡುಗರ ಫುಟ್‌ಬಾಲ್ ಋತು ಮುಗಿದ ಮೇಲೆ 'ಬೌಲ್' ಎಂಬ ಪಂದ್ಯಗಳು ನಡೆಯುತ್ತವಂತೆ. ಬೌಲ್ ಎಂದರೆ ನಮ್ಮ ಅಡುಗೆಮನೆಯ ಬಟ್ಟಲೇ. ಮೈದಾನದ ಆಕಾರದಿಂದ ಬಂದ ಹೆಸರು. ಅಂಥ ಮೊದಲ ಪಂದ್ಯ 1902ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾಸಡೀನದಲ್ಲಿ ನಡೆಯಿತು. ಮಿಷಿಗನ್ 49, ಸ್ಟ್ಯಾನ್‌ಫರ್ಡ್ ಸೊನ್ನೆ. ಇನ್ನೂ 8 ನಿಮಿಷ ಇರುವಾಗಲೇ ಸೋತವರು "ಸಾಕು" ಎಂದರು. ಮುಂದಿನ ಪಂದ್ಯ ನಡೆದದ್ದು 1916ರಲ್ಲಿ. ಈಗ ಅಂಥ ಬಟ್ಟಲುಗಳು ಸುಮಾರು 40. ಆಲೂಗಡ್ಡೆಯ ಹೆಸರಿನದೂ ಒಂದಿದೆ! 12 ಆಟಗಳಲ್ಲಿ 6 ಗೆದ್ದರೂ ಸಾಕು, ಅರ್ಹತೆ ಬಂತು. ಆ ಮೊದಲ 'ಸಾಕು' ಎಲ್ಲಿ ಹೋಯಿತೋ!

ನಮ್ಮಲ್ಲಿ ಆ ಪ್ರಶ್ನೆ ನಗುವಲ್ಲಿಗೇ ನಿಲ್ಲುವುದಿಲ್ಲ. 2022ರ ಬಲಿಪಾಡ್ಯಮಿ ಅಕ್ಟೋಬರ್ 26ಕ್ಕೆ ಮುಗಿದಿತ್ತು. 2023ರ ಜನವರಿಯಲ್ಲಿ ನಮ್ಮ ಜಿಲ್ಲೆಯ ಹೋರಿ ಹಬ್ಬಗಳಲ್ಲಿ ತಿವಿತಕ್ಕೆ ಸಿಕ್ಕಿ ಜೀವ ಹೋದ ಸುದ್ದಿ ಪತ್ರಿಕೆಯಲ್ಲಿ ಬಂತು. ಇತ್ತ ನ್ಯಾಯಾಲಯವೂ ಇಂಥ ಆಟಗಳನ್ನು ತೂಗಿ ನೋಡಿದೆ. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟನ್ನು ನಿಷೇಧಿಸಿತು. ಆಮೇಲೆ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರಗಳು ಮಾಡಿಕೊಂಡ ಕಾನೂನು ತಿದ್ದುಪಡಿಗಳನ್ನು 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಎತ್ತಿಹಿಡಿಯಿತು. ಆಡಬಹುದೇ ಎಂಬುದಕ್ಕೆ ಕಾನೂನಿನಲ್ಲಿ ಉತ್ತರ ಸಿಕ್ಕೀತು. ಎಷ್ಟು ಆಡಬೇಕು ಎಂಬುದಕ್ಕೆ ನಾವೇ ಉತ್ತರ ಹುಡುಕಬೇಕು.

ಊಟದ ಪಂಕ್ತಿಯಲ್ಲಿ ಬಡಿಸುವವರು ಎಂದೂ ಸಾಕು ಎನ್ನುವುದಿಲ್ಲ. ಉಣ್ಣುವವರೇ ಎಲೆಗೆ ಕೈ ಅಡ್ಡ ಹಿಡಿಯಬೇಕು. ಪಾಪ, ಹೋರಿಗೆ ಅಡ್ಡ ಹಿಡಿಯಲು ಕೈಯಿಲ್ಲ. ಹುಡುಗರಿಗೆ ಕೈಯಿದೆ, ಆದರೆ ಅದು ಕೊಬ್ಬರಿಯ ಕಡೆಗೆ ಚಾಚಿದೆ.

ಆ ಮೂರು ಸಾವಿನ ಅಜ್ಜಿಯ ಮೊಮ್ಮಗ ಒಂದು ದಿನ ಮುಂಗೈಗೆ ಬ್ಯಾಂಡೇಜು ಸುತ್ತಿಕೊಂಡು ಬಂದ. ಗದರಿಸಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಒಂದು ಗಿಟುಕು ಕೊಬ್ಬರಿಯನ್ನು ನನ್ನ ಮೇಜಿನ ಮೇಲಿಟ್ಟು, "ನಾನೇ ಹರಿದಿದ್ದು, ನಿಮಗೆ" ಎಂದ. ಸಂಜೆ ಅವನ ಮನೆಗೆ ಹೋದೆ. ಅವನ ತಾಯಿ ಬಾಗಿಲಲ್ಲೇ ಹೇಳಿದಳು: "ಹಬ್ಬದ ದಿನ ನಾನೇ ಕುಂಕುಮ ಇಟ್ಟು ಕಳಿಸ್ತೀನಿ ಅಕ್ಕೋರೇ. ಒಂದು ದಿನ ಹೆದರ್ಕಂಡು ಇರಬೋದು. ಮೂರು ತಿಂಗಳು ಹ್ಯಾಂಗೆ ಹೆದರ್ಕಂಡು ಇರೋದು?"

ನನ್ನ ಸಂಶೋಧನೆಯಲ್ಲಿ ನಾನು ಹೇಳಬೇಕೆಂದಿದ್ದುದನ್ನೆಲ್ಲ ಆಕೆ ಎರಡು ಮಾತಿನಲ್ಲಿ ಹೇಳಿಬಿಟ್ಟಿದ್ದಳು. ಸಂಜೆಗೆ ಮುಗಿಯುತ್ತದೆಂಬ ನಂಬಿಕೆಯಿದ್ದಾಗ ಭಯವೂ ಹಬ್ಬದ ಒಂದು ಭಾಗ. ಅದು ಮುಗಿಯದಿದ್ದರೆ ಬರೀ ಭಯ.

ದಾರಿಯಲ್ಲಿ ಹುಡುಗನನ್ನು ಕೇಳಿದೆ: "ಒಂದು ಹಬ್ಬ ಸಾಲದೇನೋ?" ಅವನು ತಲೆ ತಗ್ಗಿಸಿ, "ಅಲ್ಲಿ ಎಲ್ಲಾರೂ ನನ್ ಹೆಸರು ಕೂಗ್ತಾರೆ" ಎಂದ. ಹತ್ತು ತಿಂಗಳಲ್ಲಿ ನಾನು ಅವನ ಹೆಸರು ಕೂಗಿದ್ದು ಹಾಜರಿಗೆ ಮಾತ್ರ. ಒಂದು ಕಡೆ ಅತಿಯಾಗಿದ್ದರೆ ಇನ್ನೊಂದು ಕಡೆ ಕೊರತೆಯಿರುತ್ತದೆ ಎಂಬುದು ನನಗೆ ಆಗ ಹೊಳೆಯಿತು. ಕೊರತೆ ತುಂಬದೆ ಸಾಕು ಎನ್ನಲು ನನಗೇನು ಅಧಿಕಾರ?

ಮರುದಿನ ಪ್ರಾರ್ಥನೆಯ ಹೊತ್ತಿಗೆ ಅವನನ್ನು ಮುಂದೆ ಕರೆದು, ಹೋರಿ ಸಾಕುವುದು ಹೇಗೆಂದು ಹೇಳಲು ಹಚ್ಚಿದೆ. ಹುಲ್ಲು, ಹಿಂಡಿ, ಹುರುಳಿ, ಕೆರೆಯಲ್ಲಿ ಈಜಿಸುವುದು ಎಲ್ಲವನ್ನೂ ಹೇಳಿದ. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು.

ಮುಂದಿನ ವಾರ ಪಕ್ಕದೂರಲ್ಲಿ ಹೋರಿ ಹಬ್ಬವಿತ್ತು. ಅಜ್ಜಿ ತೀರಿಕೊಳ್ಳಲಿಲ್ಲ. ಒಂದೇ ವಾರದ ಆಧಾರದ ಮೇಲೆ ತೀರ್ಮಾನಕ್ಕೆ ಬರಬಾರದು ಎಂಬುದು ಸಂಶೋಧನೆಯ ನಿಯಮ. ಕೊಬ್ಬರಿ ಇನ್ನೂ ನನ್ನ ಡಬ್ಬಿಯಲ್ಲಿದೆ.