ತಂದವನ ದೋಷವೂ ತಂದ ವಸ್ತುವಿನ ಸತ್ಯವೂ

ಒಂದು ವಸ್ತುವನ್ನು ತಂದವನು ವಿಶ್ವಾಸಕ್ಕೆ ಪಾತ್ರನಲ್ಲದಿದ್ದರೆ ಆ ವಸ್ತುವೂ ಕೃತಕವೆಂದು ನಿರ್ಣಯಿಸಬಹುದೇ? ಈ ಪ್ರಶ್ನೆಗೆ ಶಪೀರಾ ಎಂಬ ವರ್ತಕನ ವೃತ್ತಾಂತವು ತಕ್ಕ ದೃಷ್ಟಾಂತವಾಗಿದೆ.

ಯೆರೂಸಲೇಮಿನಲ್ಲಿ ಪುರಾತನ ವಸ್ತುಗಳ ವ್ಯಾಪಾರ ಮಾಡುತ್ತಿದ್ದ ಈತನು 1883ರಲ್ಲಿ ಕೆಲವು ಚರ್ಮದ ಪಟ್ಟಿಗಳನ್ನು ಲಂಡನ್ನಿಗೆ ತಂದನು. ಅವುಗಳಲ್ಲಿ ಪ್ರಾಚೀನ ಹೀಬ್ರೂ ಲಿಪಿಯಲ್ಲಿ ಬೈಬಲಿನ ಧರ್ಮೋಪದೇಶಕಾಂಡದ ಒಂದು ಭಿನ್ನಪಾಠವಿದ್ದಿತು. ದಶಾಜ್ಞೆಗಳು ಕೂಡ ರೂಢಿಯ ಪಾಠದಂತಿರಲಿಲ್ಲ. ಮೃತಸಮುದ್ರದ ಮೂಡಣ ಸೀಮೆಯ ಗುಹೆಯೊಂದರಲ್ಲಿ ಇವು ಅರಬರಿಗೆ ದೊರೆತುವೆಂದು ಹೇಳಿ, 10 ಲಕ್ಷ ಪೌಂಡು ಬೆಲೆ ಕೇಳಿದನು. ಫ್ರಾನ್ಸಿನ ಕ್ಲೆರ್ಮೋಂ-ಗಾನ್ನೋ ಎಂಬ ವಿದ್ವಾಂಸನು ಕೆಲವೇ ಪಟ್ಟಿಗಳನ್ನು ಅಲ್ಪಕಾಲ ನೋಡಿ, ಹಳೆಯ ಸುರುಳಿಯ ಅಂಚನ್ನು ಕತ್ತರಿಸಿ ಬರೆದ ಕೃತಕವಿದೆಂದು ಸಾರಿದನು. ಬ್ರಿಟಿಷ್ ಮ್ಯೂಸಿಯಮ್ಮಿಗಾಗಿ ವಾರಗಟ್ಟಲೆ ಪರೀಕ್ಷಿಸಿದ ಗಿನ್ಸ್‌ಬರ್ಗ್ ಪಂಡಿತನೂ ಅದೇ ಮತವನ್ನು ತಾಳಿದನು. ಶಪೀರಾ 1884ರಲ್ಲಿ ರಾಟರ್‌ಡ್ಯಾಮಿನಲ್ಲಿ ಆತ್ಮಹತ್ಯೆ ಮಾಡಿಕೊಂಡನು. ಪಟ್ಟಿಗಳು 1885ರಲ್ಲಿ ಹರಾಜಾಗಿ, ಕಾಲಕ್ರಮದಲ್ಲಿ ಕಣ್ಮರೆಯಾದುವು.

ಆ ನಿರ್ಣಯಕ್ಕೆ ಬಲ ಕೊಟ್ಟ ಹೇತುಗಳಲ್ಲಿ ಎರಡನ್ನು ವಿಮರ್ಶಿಸೋಣ. ಶಪೀರಾ ಹಿಂದೆ ಮೋವಾಬ್ ದೇಶದವೆಂದು ಕೃತಕವಾದ ಮಣ್ಣಿನ ವಸ್ತುಗಳನ್ನು ಜರ್ಮನರಿಗೆ ಮಾರಿದ್ದನೆಂಬುದು ಮೊದಲನೆಯದು. ಇದು ತಾರ್ಕಿಕರು ಹೇಳುವ ಸವ್ಯಭಿಚಾರ ಹೇತು. ಏಕೆಂದರೆ ಅದೇ ಮ್ಯೂಸಿಯಮ್ಮಿಗೆ ನಿಜವಾದ ಹೀಬ್ರೂ ಹಸ್ತಪ್ರತಿಗಳನ್ನು ಮಾರಿದವನೂ ಈತನೇ. ಸಂಶಯಕ್ಕೆ ಇದು ಸಾಲುವುದು, ನಿಶ್ಚಯಕ್ಕೆ ಸಾಲದು. ಅಷ್ಟು ಪುರಾತನವಾದ ಚರ್ಮವು ಆ ದೇಶದ ಹವೆಯಲ್ಲಿ ಉಳಿಯಲಾರದೆಂಬುದು ಎರಡನೆಯದು. 1947ರಿಂದ ಕುಮ್ರಾನಿನ ಗುಹೆಗಳಲ್ಲಿ ಎರಡು ಸಾವಿರ ವರ್ಷದ ಚರ್ಮದ ಸುರುಳಿಗಳು ದೊರೆತು ಈ ಹೇತುವು ಬಿದ್ದುಹೋಯಿತು.

ಹಾಗಾದರೆ ಪಟ್ಟಿಗಳು ನಿಜವೆಂದು ಸಿದ್ಧವಾಯಿತೇ? ಇಲ್ಲ. ಬಾಧಕವು ನಿವಾರಣೆಯಾದ ಮಾತ್ರಕ್ಕೆ ಸಾಧಕವು ದೊರೆತಂತಾಗದು. 2021ರಲ್ಲಿ ಇದಾನ್ ದೆರ್ಶೋವಿಟ್ಸ್ ಎಂಬ ವಿದ್ವಾಂಸರು ಇವು ನಿಜವೆಂದು ವಾದಿಸಿದರು. ಶಪೀರಾ ತನಗಾಗಿ ಬರೆದುಕೊಂಡ ಪ್ರತಿಯಲ್ಲಿ ಪ್ರಶ್ನಚಿಹ್ನೆಗಳೂ ಸಂದೇಹಗಳೂ ತೋರುತ್ತವೆ. ತಾನೇ ರಚಿಸಿದ್ದರೆ ಓದಲು ತಡವರಿಸುತ್ತಿದ್ದನೇ ಎಂಬುದು ಅವರ ಒಂದು ಯುಕ್ತಿ. ಯುಕ್ತಿಯು ಸೊಗಸಾಗಿದೆ; ಆದರೆ ಅದರಿಂದ ಶಪೀರಾ ಕೂಟಲೇಖಕನಲ್ಲವೆಂದು ಸಿದ್ಧಿಸೀತೇ ಹೊರತು, ಮತ್ತೊಬ್ಬನು ಅವನನ್ನು ವಂಚಿಸಲಿಲ್ಲವೆಂದು ಸಿದ್ಧಿಸದು. ಲಿಪಿಶಾಸ್ತ್ರಜ್ಞರಲ್ಲಿ ಹಲವರು ಇಂದಿಗೂ ಒಪ್ಪಿಲ್ಲ. ಅವನ ದಾರುಣ ಮರಣವು ನಮ್ಮ ಕರುಣೆಗೆ ವಿಷಯವೇ ಹೊರತು ಪ್ರಮಾಣವಲ್ಲ.

ಅತಿವಿಶ್ವಾಸವೂ ಅಪಾಯಕರವೇ. ವಾಷಿಂಗ್ಟನ್ನಿನ ಬೈಬಲ್ ಮ್ಯೂಸಿಯಮ್ಮಿನವರು ಮೃತಸಮುದ್ರದ ಸುರುಳಿಗಳವೆಂದು ಸಂಗ್ರಹಿಸಿದ್ದ 16 ತುಣುಕುಗಳೂ ಕೃತಕವೆಂದು 2020ರಲ್ಲಿ ಪ್ರಕಟವಾಯಿತು. ಮೊದಲು ಅಪನಂಬಿಕೆಯು ಸತ್ಯದಂತೆ ವೇಷ ಧರಿಸಿತ್ತು. ಇಲ್ಲಿ ಆಸೆಯು ಹಾಗೆ ಮಾಡಿತು.

ಆದರೆ ಈ ಎರಡು ಸಂದರ್ಭಗಳಲ್ಲಿ ಒಂದು ಭೇದವುಂಟು. ವಾಷಿಂಗ್ಟನ್ನಿನ ತುಣುಕುಗಳು ಕೈಯಲ್ಲಿದ್ದುದರಿಂದ ಮರುಪರೀಕ್ಷೆ ಸಾಧ್ಯವಾಯಿತು. ಶಪೀರಾನ ಪಟ್ಟಿಗಳಿಗಾದರೋ ಇಂದಿನ ಉಪಕರಣಗಳಿದ್ದೂ ಪ್ರಯೋಜನವಿಲ್ಲ. ವಿದ್ವಾಂಸರು ತಪ್ಪು ತೀರ್ಪು ಕೊಟ್ಟರೋ ಸರಿಯಾದುದನ್ನೇ ಕೊಟ್ಟರೋ ಎಂಬುದಕ್ಕಿಂತಲೂ, ತೀರ್ಪಾದ ಮೇಲೆ ವಸ್ತುವನ್ನು ಕಾಪಾಡದೆ ಹೋದುದೇ ಹಿರಿಯ ಲೋಪವೆಂದು ನನಗೆ ತೋರುತ್ತದೆ. ಸಿದ್ಧಾಂತವನ್ನು ಹೇಳುವವನು ಪೂರ್ವಪಕ್ಷವನ್ನು ಅಳಿಸಿಹಾಕದೆ ಗ್ರಂಥದಲ್ಲಿಯೇ ಉಳಿಸುವುದು ನಮ್ಮ ಶಾಸ್ತ್ರಕಾರರ ಪದ್ಧತಿ. ನಾವು ಸುಳ್ಳೆಂದು ಬಗೆದುದನ್ನೂ ಮುಂದಿನವರ ಪರೀಕ್ಷೆಗಾಗಿ ಕಾದಿರಿಸುವುದು ಸತ್ಯಾನ್ವೇಷಕನ ಧರ್ಮವಲ್ಲವೇ?