ತಿಳಿಯಾಗದ ನೀರು

ಕ್ಯಾಲಿಫೋರ್ನಿಯಾದ ನಡುಕರಾವಳಿಯಲ್ಲಿ, ಮಾಂಟರೇಯಿಂದ ಕಾರ್ಮೆಲ್ ದಾಟಿ ಬಿಗ್ ಸರ್ ಕಡೆಗೆ ಬಂಡೆಗಳು ಕಡಲಿಗಿಳಿಯುವ ದಂಡೆಯುದ್ದಕ್ಕೂ, ನೀರು ನೀಲಿಯಾಗಿರುವ ದಿನಗಳು ಕಡಿಮೆ. ಅದರ ಬಣ್ಣ ಹಸಿರು, ಅದೂ ಗಳಿಗೆಗೊಂದು ಹಸಿರು: ಬೆಳಗಿನ ಮಂಜು ಇನ್ನೂ ಅಲೆಗಳ ಮೇಲೆ ಮೈಚಾಚಿ ಮಲಗಿರುವಾಗ ಬೂದಿ ಬೆರೆತದ್ದು, ಮಂಜು ಹರಿದು ಬಿಸಿಲು ಓರೆಯಾಗಿ ಇಳಿದಾಗ ಜೇನು ಬೆರೆತದ್ದು, ಮೋಡ ಕವಿದ ಮಧ್ಯಾಹ್ನಗಳಲ್ಲಿ ಕಪ್ಪಿಗೆ ತಿರುಗಿ ತಳವೇ ಇಲ್ಲವೇನೋ ಅನ್ನಿಸುವಂಥದ್ದು. ಬೇಸಿಗೆಯಲ್ಲೂ ಈ ನೀರು ಬಹುಪಾಲು 10ರಿಂದ 15 ಡಿಗ್ರಿಯ ನಡುವೆಯೇ ಸುಳಿದಾಡುತ್ತದೆ. ಮುರುಡೇಶ್ವರದಾಚೆಯ ನೇತ್ರಾಣಿಯ ಬೆಚ್ಚನೆಯ ನೀರಿನಲ್ಲಿ ಮೊದಲ ಸಲ ಮುಳುಗಿದ ನನ್ನಂಥವನಿಗೆ ಕಡಲೆಂದರೆ ಏನೂ ಕೇಳದೆ ಮೈಯನ್ನು ಒಪ್ಪಿಕೊಂಡುಬಿಡುವ ಮಡಿಲು. ಇಲ್ಲಿನದು ಹಾಗಲ್ಲ, ಅದು ಹಣೆಯನ್ನು ಮುಟ್ಟಿ, ತುಟಿಗಳನ್ನು ಮುಟ್ಟಿ, ವೆಟ್‌ಸೂಟಿನ ಕತ್ತಿನ ಸಂದಿಯಿಂದ ನುಸುಳಿ ಬೆನ್ನುಹುರಿಯುದ್ದಕ್ಕೂ ಇಳಿದು, ಬಂದವನು ಯಾರೆಂದು ನಿಧಾನವಾಗಿ ತಡವಿ ನೋಡಿ, ಆಮೇಲಷ್ಟೇ ಒಳಗೆ ಬಿಡುತ್ತದೆ.

ಪಾಯಿಂಟ್ ಲೋಬೋಸ್‌ನ ವೇಲರ್ಸ್ ಕೋವ್‌ನಲ್ಲಿ ದೋಣಿಗಳಿಗೆಂದು ಮಾಡಿದ ಇಳಿಜಾರು ದಾರಿಯೊಂದಿದೆ. ಫಿನ್ಸ್ ಕೈಯಲ್ಲಿ, ಟ್ಯಾಂಕು ಬೆನ್ನಲ್ಲಿ, ಸೀಸದ ತೂಕ ಸೊಂಟದಲ್ಲಿ, ಪಾಚಿಯ ಮೇಲೆ ಕಾಲು ಜಾರೀತೆಂದು ಹೆಜ್ಜೆಹೆಜ್ಜೆಗೂ ಅಂಜುತ್ತ ಅದನ್ನು ಇಳಿಯುವಾಗ ಮನುಷ್ಯನಷ್ಟು ಒಡ್ಡೊಡ್ಡಾದ ಪ್ರಾಣಿ ಇನ್ನೊಂದಿಲ್ಲ. ನೀರು ಎದೆಯ ಮಟ್ಟಕ್ಕೆ ಬಂದದ್ದೇ ತಡ, ಆ ಭಾರವನ್ನೆಲ್ಲ ಯಾರೋ ಎತ್ತಿಕೊಂಡುಬಿಡುತ್ತಾರೆ. ತಲೆ ಮುಳುಗುತ್ತದೆ, ದಂಡೆಯ ಮಾತುಕತೆ ಅರ್ಧಕ್ಕೇ ನಿಲ್ಲುತ್ತದೆ, ಮರಳಿನ ಮೇಲೆ ಬೆಳಕಿನ ಬಲೆಯೊಂದು ತೇಲುತ್ತ ಸರಿಯುತ್ತದೆ. ಅದನ್ನೇ ಹಿಂಬಾಲಿಸುತ್ತ ಹೋದರೆ ಹಸಿರಿನೊಳಗೆ ಮೊದಲು ಒಂದು ನೆರಳು, ಅದರ ಹಿಂದೆ ಇನ್ನೊಂದು, ನೋಡನೋಡುತ್ತ ನೆರಳುಗಳು ಕಂಬಗಳಾಗಿ ಕಂಬಗಳು ಕಾಡಾಗುತ್ತವೆ.

ಜೈಂಟ್ ಕೆಲ್ಪ್ ಎಂದು ಕರೆಯುವ ಈ ಕಡಲಪಾಚಿ ಮರದಷ್ಟೆತ್ತರ ನಿಂತರೂ ಮರವಲ್ಲ, ಗಿಡವೂ ಅಲ್ಲ. ಅದಕ್ಕೆ ನೀರು ಹೀರುವ ಬೇರಿಲ್ಲ, ಬಂಡೆಯನ್ನು ನೂರಾರು ಬೆರಳುಗಳಿಂದ ಅವುಚಿಕೊಂಡ ಗಂಟೊಂದೇ ಅದರ ನೆಲೆ. ಆ ಗಂಟಿನಿಂದ ಹೊರಟ ಹುರಿಗಳು ಬೆಳಕನ್ನು ಹುಡುಕುತ್ತ 30 ಮೀಟರಿನಷ್ಟು ಮೇಲೇರಿ, ಅಲ್ಲಿಗೂ ನಿಲ್ಲದೆ ನೀರಿನ ಮೇಲ್ಮೈಯಲ್ಲಿ ಅಡ್ಡಡ್ಡ ಹಬ್ಬಿ ಚಪ್ಪರವಾಗುತ್ತವೆ. ಪ್ರತಿಯೊಂದು ಎಲೆಯ ಬುಡದಲ್ಲೂ ಗಾಳಿ ತುಂಬಿದ ಪುಟ್ಟ ಬುರುಡೆ, ಒಂದೊಂದು ಬುರುಡೆಯೂ ಒಂದೊಂದು ಎಲೆಯನ್ನು ಎತ್ತಿ ಹಿಡಿದು ಕೊನೆಗೆ ಇಡೀ ಕಾಡು ತಾನೇ ಹಿಡಿದಿಟ್ಟುಕೊಂಡ ಗಾಳಿಯ ಬಲದಿಂದ ನೆಟ್ಟಗೆ ನಿಂತಿದೆ. ಬೆಳಕು, ತಂಪು, ಆಹಾರ ಮೂರೂ ಕೂಡಿಬಂದ ದಿನಗಳಲ್ಲಿ ಅದು ದಿನಕ್ಕೆ ಅರ್ಧ ಮೀಟರಿನವರೆಗೂ ಬೆಳೆಯಬಲ್ಲದು. ನಿನ್ನೆ ಕಂಡ ಚಿಗುರು ಇವತ್ತು ಎಲ್ಲಿದೆಯೆಂದು ಹುಡುಕಬೇಕು. ಚಪ್ಪರದ ಹರಕುಗಳಿಂದ ಬಿಸಿಲು ಕೋಲುಕೋಲಾಗಿ ಇಳಿಯುತ್ತದೆ, ಹೊರಗಿನ ಅಲೆಯೊಂದು ಹಾದುಹೋದಾಗ ಕಾಡೆಲ್ಲ ಒಂದೇ ಕಡೆಗೆ ವಾಲುತ್ತದೆ, ಬೆಳಕಿನ ಕೋಲುಗಳು ವಾಲುತ್ತವೆ, ಮೀನುಗಳು ವಾಲುತ್ತವೆ, ನಾನೂ ವಾಲುತ್ತೇನೆ, ಮತ್ತೆ ಎಲ್ಲರೂ ಒಟ್ಟಿಗೆ ಹಿಂದಕ್ಕೆ ಬರುತ್ತೇವೆ. ನಿಂತಲ್ಲೇ ನಿಲ್ಲಬೇಕೆಂಬ ಹಟ ಬಿಡುವ ತನಕ ಈ ತೂಗಾಟದಲ್ಲಿ ಹೊಟ್ಟೆ ತೊಳಸುತ್ತದೆ. ಬಿಟ್ಟ ಮೇಲೆ ಎಲ್ಲಿಗೂ ಹೋಗದೆ ಬಹಳ ಹೊತ್ತು ಕಳೆಯಬಹುದು.

ಟ್ಯಾಂಕು ಹೊತ್ತವನಿಗೆ ಹೊತ್ತಿದೆ. ಬಾಯಲ್ಲಿ ಕಚ್ಚಿದ ರೆಗ್ಯುಲೇಟರು ಉಸಿರೊಳಗೆ ಹೋಗುವಾಗ ಸಣ್ಣಗೆ ಶಿಳ್ಳೆ ಹಾಕುತ್ತದೆ, ಹೊರಬರುವಾಗ ಗುಳ್ಳೆಗಳ ಗಲಾಟೆ; ಇಡೀ ಕಾಡಿನಲ್ಲಿ ಇಷ್ಟು ಸದ್ದು ಮಾಡುವವನು ನಾನೊಬ್ಬನೇ ಎಂಬ ನಾಚಿಕೆಯಲ್ಲೇ ಸಣ್ಣವುಗಳನ್ನು ನೋಡಲು ಕೂರುತ್ತೇನೆ. ಬಂಡೆಯ ಒಂದು ಮಗ್ಗುಲಿಗೆ ಸ್ಟ್ರಾಬೆರಿ ಅನಿಮೋನಿಗಳು ಒತ್ತೊತ್ತಾಗಿ ಹಾಸಿಕೊಂಡಿವೆ. ನೀರು ಕೆಂಪನ್ನು ಮೊದಲು ನುಂಗಿಬಿಡುವುದರಿಂದ ಅವು ಕಂದಿದ ಬೂದುಬಣ್ಣದಲ್ಲಿ ಸುಮ್ಮನಿರುತ್ತವೆ, ಟಾರ್ಚು ಬೀರಿದ ಕ್ಷಣ ಗುಲಾಬಿಯಾಗಿ, ಕುಂಕುಮವಾಗಿ ಹೊತ್ತಿಕೊಳ್ಳುತ್ತವೆ, ಬೆಳಕು ಸರಿದೊಡನೆ ಮತ್ತೆ ಬೂದಿ. ಯಾರ ಕಣ್ಣಿಗೂ ಬೀಳದೆ ಆ ಕೆಂಪು ಅಷ್ಟೊಂದು ಕಾಲ ಅಲ್ಲಿ ಏನು ಮಾಡುತ್ತಿತ್ತೋ. ಕೆಲ್ಪಿನ ಎಲೆಗೆ ಅಂಟಿಕೊಂಡ ಮೆಲಿಬಿ ಎಂಬ ಚಿಪ್ಪಿಲ್ಲದ ಕಡಲ ಬಸವನಹುಳು, ಒಳಗಿನದೆಲ್ಲ ಹೊರಗೆ ಕಾಣುವಷ್ಟು ತೆಳುವಾದದ್ದು, ತನ್ನ ತಲೆಯನ್ನೇ ಬೀಸುಬಲೆಯಂತೆ ಅಗಲಿಸಿ ನೀರಿನ ಮೇಲೆ ಚೆಲ್ಲಿ, ಅಂಚುಗಳನ್ನು ಮೆತ್ತಗೆ ಕೂಡಿಸಿ, ಸಿಕ್ಕಿದ್ದನ್ನು ಒಳಗೆಳೆದುಕೊಳ್ಳುತ್ತದೆ. ನೀರಿನಿಂದ ಹೊರತೆಗೆದರೆ ಅದಕ್ಕೆ ಕಲ್ಲಂಗಡಿಯ ವಾಸನೆಯಂತೆ. ಇದು ಮೀಸಲು ಪ್ರದೇಶ, ಏನನ್ನೂ ಮುಟ್ಟುವಂತಿಲ್ಲ, ಹಾಗಾಗಿ ಮೂಸಿ ನೋಡುವ ಆಸೆ ಆಸೆಯಾಗಿಯೇ ಉಳಿದಿದೆ. ತಲೆಯೆತ್ತಿದರೆ ನೀಲಿ ರಾಕ್‌ಫಿಶ್‌ಗಳ ಹಿಂಡು ಹುರಿಗಳ ನಡುವೆ ಒಂದೇ ದಿಕ್ಕಿಗೆ ಮುಖ ಮಾಡಿ ತೂಗಿಬಿಟ್ಟಂತೆ ನಿಂತಿರುತ್ತದೆ. ಅವುಗಳ ಬಳಗದ ಕೆಲವು ಜಾತಿಗಳು ನೂರು ವರ್ಷಕ್ಕೂ ಮೀರಿ ಬದುಕುತ್ತವೆ. ಅಷ್ಟು ದೀರ್ಘವಾದ ಒಂದು ಬಾಳಿನ ಎದುರು ಟ್ಯಾಂಕಿನ ಮುಳ್ಳು ನೋಡಿಕೊಳ್ಳುವುದು ಯಾಕೋ ಮರ್ಯಾದೆಯಲ್ಲ ಅನ್ನಿಸುತ್ತದೆ, ಆದರೂ ನೋಡಿಕೊಳ್ಳಲೇಬೇಕು.

ಟ್ಯಾಂಕಿಲ್ಲದೆ ಇಳಿಯುವುದು ಬೇರೆಯದೇ ಸಂಗತಿ. ಒಬ್ಬರು ಮುಳುಗಿದಾಗ ಇನ್ನೊಬ್ಬರು ಮೇಲೆ ಕಾಯುತ್ತಿರಬೇಕು, ಇದರಲ್ಲಿ ರಾಜಿಯಿಲ್ಲ. ಮುಖವನ್ನು ತಣ್ಣೀರಿಗೆ ಒಡ್ಡಿ ಚಪ್ಪರದ ಅಂಚಿನಲ್ಲಿ ತೇಲುತ್ತಿರುವಾಗಲೇ ದೇಹ ತನಗೆ ಯಾವಾಗಲೋ ಗೊತ್ತಿದ್ದುದನ್ನು ನೆನಪು ಮಾಡಿಕೊಳ್ಳುತ್ತದೆ: ಉಸಿರು ಹಿಡಿದ ಮುಖಕ್ಕೆ ತಂಪು ತಾಗಿದೊಡನೆ ಎದೆಬಡಿತ ಇಳಿಯುತ್ತದೆ, ಕೈಕಾಲುಗಳ ರಕ್ತ ಒಳಕ್ಕೆ ಸರಿದು ಹೃದಯ ಮಿದುಳುಗಳನ್ನು ಕಾಯಲು ನಿಲ್ಲುತ್ತದೆ, ಗುಲ್ಮವು ಕುಗ್ಗಿ ತಾನು ಕೂಡಿಟ್ಟ ಕೆಂಪುಕಣಗಳನ್ನು ಹೊರಬಿಡುತ್ತದೆ. ಇದನ್ನು ಯಾರೂ ಕಲಿಸಬೇಕಾಗಿಲ್ಲ, ಮನಸ್ಸನ್ನು ಕೇಳುವುದೂ ಇಲ್ಲ. 10 ಮೀಟರು ತಲುಪುವಷ್ಟರಲ್ಲಿ ಪುಪ್ಫುಸಗಳೊಳಗಿನ ಗಾಳಿ ಅರ್ಧಕ್ಕೆ ಕುಗ್ಗಿರುತ್ತದೆ. ಅಲ್ಲೆಲ್ಲೋ ಒಂದು ಕಡೆ, ಮೇಲಕ್ಕೆ ತಳ್ಳುತ್ತಿದ್ದ ನೀರು ತಳ್ಳುವುದನ್ನು ಬಿಟ್ಟು ಕೆಳಕ್ಕೆ ಕರೆದುಕೊಳ್ಳತೊಡಗುತ್ತದೆ, ಕಾಲು ಆಡಿಸುವುದನ್ನು ನಿಲ್ಲಿಸಿದರೂ ಇಳಿಯುತ್ತಲೇ ಇರುತ್ತೇನೆ. ಸದ್ದಿಲ್ಲ, ಗುಳ್ಳೆಯಿಲ್ಲ, ಹುರಿಗಳು ಮಾತ್ರ ಪಕ್ಕದಲ್ಲಿ ಮೇಲ್ಮುಖವಾಗಿ ಹರಿಯುತ್ತಿವೆ. ಅಂಥ ಒಂದು ಇಳಿತದಲ್ಲಿ ಹಾರ್ಬರ್ ಸೀಲ್ ಒಂದು ಬಂಡೆಯ ಬುಡದಲ್ಲಿ ಕಣ್ಣುಮುಚ್ಚಿ ನಿದ್ದೆ ಮಾಡುತ್ತಿತ್ತು. ನಾವು ಎದೆ ತುಂಬ ಗಾಳಿ ಎಳೆದುಕೊಂಡು ಮುಳುಗಿದರೆ ಅವು ಉಸಿರು ಹೊರಬಿಟ್ಟು ಮುಳುಗುತ್ತವೆ, ಬೇಕಾದದ್ದನ್ನು ರಕ್ತದಲ್ಲೂ ಮಾಂಸಖಂಡದಲ್ಲೂ ಇಟ್ಟುಕೊಂಡು ಹೋಗುತ್ತವೆ. ಅದು ಒಂದು ಕಣ್ಣು ತೆರೆದು ನನ್ನನ್ನು ನೋಡಿ ಮತ್ತೆ ಮುಚ್ಚಿಕೊಂಡಿತು. ನನಗೆ ಸಿಕ್ಕ ಮನ್ನಣೆಗಳಲ್ಲಿ ಅದರಷ್ಟು ಸಮಾಧಾನ ಕೊಟ್ಟದ್ದು ಕಡಿಮೆ.

ಆದರೆ ವಸಂತದಲ್ಲಿ ಇದಾವುದೂ ಕಾಣಿಸುವುದಿಲ್ಲ. ಆಗ ವಾಯವ್ಯದಿಂದ ದಿನಗಟ್ಟಲೆ ಗಾಳಿ ಬೀಸುತ್ತದೆ, ಭೂಮಿಯ ತಿರುಗಾಟ ಅದಕ್ಕೆ ಕೈಜೋಡಿಸಿ ಮೇಲ್ಪದರದ ನೀರನ್ನು ದಂಡೆಯಿಂದ ಆಚೆಗೆ ಸರಿಸುತ್ತದೆ, ತೆರವಾದ ಜಾಗಕ್ಕೆ ಆಳದ ನೀರು ಎದ್ದು ಬರುತ್ತದೆ. ಇಲ್ಲಿ ಆಳ ದೂರವೇನಿಲ್ಲ: ಮಾಸ್ ಲ್ಯಾಂಡಿಂಗ್ ಎಂಬ ಸಣ್ಣ ಬಂದರಿನೆದುರೇ ಶುರುವಾಗುವ ಮಾಂಟರೇ ಕಣಿವೆ ಕಡಲೊಳಗೆ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯುತ್ತದೆ, ಅದರ ಒಂದು ಕವಲು ಕಾರ್ಮೆಲ್‌ನ ಮೊನಾಸ್ಟರಿ ಬೀಚಿನ ಕಾಲಬುಡದವರೆಗೂ ಬಂದಿದೆ. ಸತ್ತು, ಉದುರಿ, ಕತ್ತಲಲ್ಲಿ ಕರಗಿದ್ದೆಲ್ಲ ಆ ತಣ್ಣನೆಯ ನೀರಿನೊಂದಿಗೆ ಬೆಳಕಿಗೆ ಏರಿ ಬರುತ್ತದೆ, ಬಂದದ್ದೇ ಕಣ್ಣಿಗೆ ಕಾಣದ ಪ್ಲಾಂಕ್ಟನ್ ಕೋಟಿಕೋಟಿಯಾಗಿ ಹುಟ್ಟಿ ನೀರನ್ನು ಮಬ್ಬುಗೊಳಿಸುತ್ತದೆ. ಚಾಚಿದ ಕೈಯ ಬೆರಳುಗಳು ಹಸಿರಿನಲ್ಲಿ ಮಸುಕಾಗುತ್ತವೆ. ಎಷ್ಟೋ ಡೈವರುಗಳು ಇದನ್ನು ಕೆಟ್ಟ ನೀರು ಅನ್ನುತ್ತಾರೆ, ನಾನೂ ಅಂದಿದ್ದುಂಟು. ಉಷ್ಣವಲಯದ ಎಷ್ಟೋ ಕಡಲುಗಳು ಗಾಜಿನಷ್ಟು ತಿಳಿಯಾಗಿರುವುದು ಅವುಗಳ ನೀರಿನಲ್ಲಿ ಉಣ್ಣುವುದಕ್ಕೆ ಹೆಚ್ಚೇನೂ ಇಲ್ಲದ್ದರಿಂದ. ಇಲ್ಲಿ ನನ್ನ ಕಣ್ಣಿಗೆ ಅಡ್ಡ ಬರುತ್ತಿರುವುದು ಕೊಳೆಯಲ್ಲ, ಇಡೀ ಕೊಲ್ಲಿಯ ವರ್ಷದ ಅನ್ನ. ತಿಮಿಂಗಿಲವನ್ನು ಸಾಕುವುದೂ ಇದೇ, ಮೆಲಿಬಿಯ ಬಲೆಗೆ ಬೀಳುವುದೂ ಇದರ ಮಕ್ಕಳುಮರಿಗಳೇ. ಹಳೆಯ ಗುಡಿಗಳ ಗರ್ಭಗೃಹದಲ್ಲಿ ಬೆಳಕು ಸಾಲದೆಂದು ಯಾರೂ ದೂರಿದ್ದನ್ನು ನಾನು ಕೇಳಿಲ್ಲ. ಕತ್ತಲೆಗೆ ಕಣ್ಣು ಹೊಂದುವಷ್ಟು ಹೊತ್ತು ನಿಲ್ಲುತ್ತಾರೆ, ಅಷ್ಟೆ. ಆ ಮಬ್ಬಿನಲ್ಲಿ ಹಾಗೆ ನಿಂತಿದ್ದಾಗ ಸೀ ನೆಟಲ್ ಎಂಬ ಲೋಳೆಮೀನೊಂದು, ಹಳದಿ ಕಂದು ಗಂಟೆ, ಕೆಳಗೆ ಮಾರುದ್ದದ ಎಳೆಗಳು, ಎಲ್ಲಿಂದ ಬಂತೆಂದು ತಿಳಿಯುವ ಮೊದಲೇ ಮುಖದ ಮುಂದೆ ಅರಳಿ, ಮುಚ್ಚಿ, ಅರಳಿ, ಹಸಿರಿನೊಳಕ್ಕೆ ಹಿಂದಿರುಗಿತು. ನೀರು ತಿಳಿಯಾಗಿದ್ದರೆ ಅದನ್ನು ದೂರದಿಂದಲೇ ಕಂಡು, ಹೆಸರು ಹೇಳಿ, ಮುಗಿಸಿಬಿಡುತ್ತಿದ್ದೆ.

ಈ ತಂಪಿಗೆ ಮೈಕೊಟ್ಟವರು ಹಿಂದೆಯೂ ಇದ್ದರು. ವೇಲರ್ಸ್ ಕೋವ್‌ನ ದಂಡೆಯ ಮೇಲೆ 1850ರ ದಶಕದಲ್ಲಿ ಚೀನೀ ಮೀನುಗಾರರು ಕಟ್ಟಿದ ಮನೆಯೊಂದು ಇಂದಿಗೂ ನಿಂತಿದೆ, ಅದರ ನೆಲದ ಹಲಗೆಗಳಿಗೆ ತಿಮಿಂಗಿಲದ ಬೆನ್ನೆಲುಬಿನ ತುಂಡುಗಳ ಆಸರೆ. 1890ರ ದಶಕದ ಕೊನೆಯಲ್ಲಿ ಗೆನ್ನೊಸುಕೆ ಕೊಡಾನಿ ಎಂಬವರು ಜಪಾನಿನಿಂದ ಇಲ್ಲಿಗೆ ಬಂದು, ಅಬಲೋನಿ ಚಿಪ್ಪುಗಳನ್ನು ಎತ್ತಲು ತಮ್ಮೂರ ಕಡೆಯ ಮುಳುಗುಗಾರರನ್ನು ಕರೆಸಿದರು. ಉಸಿರು ಹಿಡಿದು ಬರಿಮೈಯಲ್ಲಿ ಇಳಿಯುವುದು ಅವರ ರೂಢಿ. ಈ ನೀರು ಅದನ್ನು ಸಹಿಸಗೊಡಲಿಲ್ಲ, ಆಮೇಲೆ ಹಿತ್ತಾಳೆ ತಾಮ್ರಗಳ ಭಾರಿ ಹೆಲ್ಮೆಟ್ಟು ತೊಟ್ಟು ಇಳಿಯತೊಡಗಿದರು. ನಾವು ಬೆಚ್ಚಗಿನ ರಬ್ಬರಿನೊಳಗೆ ಸೇರಿಕೊಂಡದ್ದು 1950ರ ದಶಕದಿಂದೀಚೆಗೆ, ಬರ್ಕ್ಲಿಯ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ವೆಟ್‌ಸೂಟನ್ನು ರೂಪಿಸಿದ ಮೇಲೆ. 1960ರಲ್ಲಿ ಪಾಯಿಂಟ್ ಲೋಬೋಸ್‌ನ ನೀರಿನೊಳಗಿನ ನೆಲವೂ ಮೀಸಲಾಯಿತು. ಇಳಿಯುವ ಪ್ರತಿ ಸಲವೂ ಆ ಜಪಾನೀಯರ ಮೊದಲ ಮುಳುಗು ನೆನಪಾಗುತ್ತದೆ, ಅವರ ಬರಿಹಣೆಗೂ ನನ್ನ ಹಣೆಗೂ ತಾಗಿದ್ದು ಇದೇ ತಂಪು.

ಚಪ್ಪರದ ಮೇಲೆ ಅಂಗಾತ ಮಲಗಿ, ತೇಲಿಹೋಗದಂತೆ ಕೆಲ್ಪಿನ ಎಳೆಯೊಂದನ್ನು ಹೊಟ್ಟೆಗೆ ಸುತ್ತಿಕೊಂಡ ಕಡಲ ನೀರುನಾಯಿಯನ್ನು ನೋಡಿ ನಗದಿರುವುದು ಕಷ್ಟ. ತುಪ್ಪಳಕ್ಕಾಗಿ ಇವುಗಳನ್ನು ಎಷ್ಟು ಕೊಂದರೆಂದರೆ 1911ರ ಒಪ್ಪಂದ ರಕ್ಷಣೆ ಕೊಡುವ ಹೊತ್ತಿಗೆ ಈ ಕರಾವಳಿಯಲ್ಲಿ ಅವು ಇಲ್ಲವೆಂದೇ ಲೆಕ್ಕ. 1938ರಲ್ಲಿ ಬಿಗ್ ಸರ್ ಹತ್ತಿರ ಒಂದು ಸಣ್ಣ ಹಿಂಡು ಉಳಿದಿದೆಯೆಂದು ಹೊರಜಗತ್ತಿಗೆ ತಿಳಿಯಿತು. ಇಂದು ಈ ಕರಾವಳಿಯಲ್ಲಿರುವ ಮೂರು ಸಾವಿರದಷ್ಟೂ ಆ ಹಿಂಡಿನ ವಂಶವೇ. ಅವು ತಿನ್ನುವ ಮುಳ್ಳುಮೈಯ ಸೀ ಅರ್ಚಿನ್‌ಗಳನ್ನು ಹಾಗೇ ಬಿಟ್ಟರೆ ಕೆಲ್ಪನ್ನು ಬುಡಸಮೇತ ಮೇಯುತ್ತವೆ. 2013ರಲ್ಲಿ ನಕ್ಷತ್ರಮೀನುಗಳಿಗೆ ರೋಗ ಬಂದು, ಅರ್ಚಿನ್‌ಗಳ ಇನ್ನೊಂದು ಶತ್ರುವಾದ ಸೂರ್ಯಕಾಂತಿ ನಕ್ಷತ್ರವು ಕಣ್ಮರೆಯಾಯಿತು, ಹಿಂದೆಯೇ ಕಡಲು ಬಿಸಿಯೇರಿತು; ನೀರುನಾಯಿಗಳೂ ಇಲ್ಲದ, ಸ್ಯಾನ್ ಫ್ರಾನ್ಸಿಸ್ಕೋದಿಂದ ಬಡಗಣ ದಂಡೆಯಲ್ಲಿ ಕೆಲ್ಪ್ ಕಾಡಿನ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಹೋಯಿತು. ಅಲ್ಲಿ ಟ್ಯಾಂಕಿಲ್ಲದೆ ಮಾತ್ರ ಮಾಡಬಹುದಾಗಿದ್ದ ಅಬಲೋನಿ ಬೇಟೆ 2018ರಿಂದ ನಿಂತಿದೆ. ಅಂಥದೊಂದು ಬಯಲಿನ ಮೇಲೆ ನಾನು ತೇಲಿದ್ದೇನೆ, ಅಪರೂಪಕ್ಕೆ ನೀರು ಬಹುದೂರ ತಿಳಿಯಾಗಿದ್ದ ದಿನ. ಕಣ್ಣು ಹೋದಷ್ಟು ದೂರವೂ ಬೋಳು ಬಂಡೆ, ನೇರಳೆ ಮುಳ್ಳುಗಳು. ತಡೆಯಿಲ್ಲದೆ ಎಲ್ಲ ಕಾಣುತ್ತಿತ್ತು.

ಬೆಂಗಳೂರಿನಲ್ಲಿರುವ ಅಕ್ಕನ ಮಗ ಈಚೆಗೆ ಡೈವಿಂಗ್ ಕಲಿತಿದ್ದಾನೆ. ಫೋನ್ ಮಾಡಿದ್ದ. “ಮಾಮ, ಯಾವ ತಿಂಗಳು ಬಂದ್ರೆ ನೀರು ಕ್ಲಿಯರಾಗಿರತ್ತೆ?”

“ಅಕ್ಟೋಬರ್” ಅಂದೆ. ಗಾಳಿ ಬಿದ್ದು, ಮಂಜು ಕರಗಿ, ನೀರು ನಿಚ್ಚಳವಾಗುವ ಕಾಲ ಅದೇ. “ಆದ್ರೆ ನೀನು ಮೇ ತಿಂಗಳಲ್ಲಿ ಬಾರೋ.”

“ಆಗ ಏನೂ ಕಾಣಲ್ವಂತೆ?”

“ಕೈಗೆಟುಕೋವಷ್ಟು ಕಾಣತ್ತೆ. ಸಾಕು.”

ಅವನು ಅಕ್ಟೋಬರಿಗೇ ಟಿಕೆಟ್ ತೆಗೆಸಿದ್ದಾನೆ. ತಪ್ಪೇನಿಲ್ಲ, ಆಗಲೂ ರಾಕ್‌ಫಿಶ್‌ಗಳು ಇರುತ್ತವೆ, ಮೆಲಿಬಿಯ ಕಾಲವೂ ಅದೇ. ಅವನ ಅಳತೆಯ ವೆಟ್‌ಸೂಟ್ ಒಂದನ್ನು ಹುಡುಕಬೇಕು, 7 ಮಿಲಿಮೀಟರಿಗಿಂತ ತೆಳುವಾದದ್ದು ಸಾಲದು.