ಪುಟ್ಟ ಕೈ ‘ಸಾಕು’ ಎಂದಾಗ



ಹತ್ತು ತಿಂಗಳ ಮಗುವಿಗೆ ಗಂಜಿ ತಿನ್ನಿಸುವುದನ್ನು ನೀವು ನೋಡಿರುತ್ತೀರಿ. ನಾಲ್ಕು ತುತ್ತು ಸಲೀಸಾಗಿ ಇಳಿಯುತ್ತದೆ. ಐದನೆಯದಕ್ಕೆ ಮಗು ಮುಖ ತಿರುಗಿಸುತ್ತದೆ. ಆರನೆಯದಕ್ಕೆ ತುಟಿ ಬಿಗಿಹಿಡಿಯುತ್ತದೆ. ಏಳನೆಯದಕ್ಕೆ ಚಮಚವನ್ನೇ ತಳ್ಳುತ್ತದೆ. ಆಗ ನಾವು ಕಾಗೆಯನ್ನೋ ಬೆಕ್ಕನ್ನೋ ತೋರಿಸಿ, ಅದು ಬೆರಗಿನಿಂದ ಬಾಯಿ ತೆರೆದ ಕ್ಷಣದಲ್ಲಿ ಎಂಟನೆಯ ತುತ್ತನ್ನು ತುರುಕಿಬಿಡುತ್ತೇವೆ. ಬಟ್ಟಲು ಬರಿದಾಯಿತೆಂದು ನಮಗೆ ಸಮಾಧಾನ. ಆದರೆ ಮಗು ಮೂರು ಸಲ ಹೇಳಿದ ಮಾತು ಏನಾಯಿತು?

ಮಾತು ಬರುವ ಮುಂಚೆಯೇ ಶಿಶುಗಳಿಗೆ ಕೈಸನ್ನೆ ಕಲಿಸುವ ಪದ್ಧತಿ ಈಗ ನಮ್ಮೂರಿನ ಮನೆಗಳಿಗೂ ಬಂದಿದೆ. ಗಲ್ಫಿನಿಂದಲೋ ಬೆಂಗಳೂರಿನಿಂದಲೋ ರಜೆಗೆ ಬಜಗೋಳಿಗೆ ಬಂದ ಸೊಸೆ, ಎರಡು ಕೈಗಳ ಬೆರಳ ತುದಿಗಳನ್ನು ಒಂದಕ್ಕೊಂದು ತಾಗಿಸಿ ‘ಇನ್ನೂ ಬೇಕು’ ಎಂದೂ, ಅಂಗೈಗಳನ್ನು ತಿರುವಿ ‘ಸಾಕು’ ಎಂದೂ ಮಗುವಿಗೆ ತೋರಿಸುತ್ತಾಳೆ. ಅಜ್ಜಿಗೆ ಸಿಟ್ಟು: “ಬಾಯಿ ಇರುವ ಮಗುವಿಗೆ ಮೂಗರ ಪಾಠ ಯಾಕೆ? ನಾಳೆ ಮಾತೇ ಬಾರದಿದ್ದರೆ?”

ಅಜ್ಜಿಯ ಭಯವನ್ನು ನಕ್ಕು ತಳ್ಳಿಬಿಡಬಾರದು. ಆದರೆ ಸನ್ನೆ ಕಲಿಸಿದರೆ ಮಾತು ತಡವಾಗುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಶಿಶುವಿಗೆ ನಾಲಿಗೆ ಹಿಡಿತಕ್ಕೆ ಬರುವ ಮೊದಲೇ ಕೈ ಹಿಡಿತಕ್ಕೆ ಬರುತ್ತದೆ, ಅಷ್ಟೆ. ಕ್ಯಾಲಿಫೋರ್ನಿಯಾದ ಲಿಂಡಾ ಅಕ್ರೆಡೋಲೊ ಮತ್ತು ಸೂಸನ್ ಗುಡ್ವಿನ್ ಎಂಬ ಮನಶ್ಶಾಸ್ತ್ರಜ್ಞೆಯರು 1996ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಈ ಪದ್ಧತಿ ಹೆಚ್ಚು ಪ್ರಚಾರಕ್ಕೆ ಬಂತು. ಸನ್ನೆ ಕಲಿತ ಮಗು ಬೇಗ ಮಾತಾಡುತ್ತದೆ, ಜಾಣವಾಗುತ್ತದೆ ಎಂಬ ಆಸೆಯೂ ಜೊತೆಗೆ ಹಬ್ಬಿತು. ಇಂಗ್ಲೆಂಡಿನಲ್ಲಿ 40 ತಾಯಿ-ಮಕ್ಕಳನ್ನು ಗಮನಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥ ಲಾಭವೇನೂ ಕಾಣಲಿಲ್ಲ. ಕಂಡದ್ದು ಬೇರೊಂದು. ಸನ್ನೆ ಕಲಿಸಿದ ತಾಯಂದಿರು ಮಗುವಿನ ಮೂಕ ಸೂಚನೆಗಳಿಗೆ ಹೆಚ್ಚು ಸ್ಪಂದಿಸುವವರಾಗಿದ್ದರು. ಬದಲಾದದ್ದು ಮಗುವಿನ ನಾಲಿಗೆಯಲ್ಲ, ತಾಯಿಯ ಕಣ್ಣು!

ಹಾಗೆ ನೋಡಿದರೆ ಇದು ನಮಗೆ ಹೊಸದೂ ಅಲ್ಲ. ‘ಟಾಟಾ’ ಎಂದು ಕೈಬೀಸಲು, ‘ತಾರಮ್ಮಯ್ಯ’ ಎಂದು ಕೈ ತಿರುಗಿಸಲು ಕಲಿಸಿದವರು ಯಾರು? ಸಂಜೆಯ ಜಪಸರ ಮುಗಿದ ಮೇಲೆ ಹಿರಿಯರಿಂದ ‘ಬೆಸಾಂವ್’ ಬೇಡಲು ಶಿಶುವಿನ ಕೈಗಳನ್ನು ಜೋಡಿಸಿದವರು ಯಾರು? ಅದೇ ಅಜ್ಜಿ! ‘ತಂದೆ’ ಎನ್ನಲು ಬಾರದ ಮಗುವಿನ ಕೈ ಹಿಡಿದು ಹಣೆ, ಎದೆ, ಭುಜಗಳಿಗೆ ಮುಟ್ಟಿಸಿ ಶಿಲುಬೆಯ ಗುರುತು ಕಲಿಸಿದವಳೂ ಅವಳೇ. ನಮ್ಮ ವಿಶ್ವಾಸದ ಮೊದಲ ಪಾಠ ಮಾತಿನಲ್ಲಿ ಅಲ್ಲ, ಕೈಯಲ್ಲಿ ನಡೆದಿದೆ.

ನಮ್ಮೂರಿನ ಮಗುವಿಗೆ ಮನೆಯಲ್ಲಿ ‘ಪುರೊ’, ಅಂಗಡಿಯಲ್ಲಿ ‘ಯಾವು’, ಅಂಗನವಾಡಿಯಲ್ಲಿ ‘ಸಾಕು’. ಕೊಂಕಣಿ, ತುಳು, ಕನ್ನಡ ಮೂರೂ ಬರುವ ತನಕ ಕಾಯುವ ಮಗುವಿಗೆ ಅಂಗೈ ತಿರುವುವ ಒಂದು ಸನ್ನೆ ಮೂರು ಭಾಷೆಗೂ ಸಲ್ಲುತ್ತದೆ. ಒಂದು ಮಾತು ನೆನಪಿರಲಿ: ಸನ್ನೆಯ ಜೊತೆಗೆ ಬಾಯಿಂದಲೂ ಹೇಳಬೇಕು. ಸನ್ನೆಯು ಮಾತಿಗೆ ಬದಲಿಯಲ್ಲ, ಮಾತಿಗೆ ಏರುವ ಮೆಟ್ಟಿಲು.

ಆದರೆ ಇಲ್ಲಿಯೇ ನಮ್ಮ ಪ್ರಶ್ನೆ ಹುಟ್ಟುತ್ತದೆ. ‘ಟಾಟಾ’ ಕಲಿಸುವುದು ಸುಲಭ. ಅದರಿಂದ ನಮಗೇನೂ ನಷ್ಟವಿಲ್ಲ. ‘ಸಾಕು’ ಕಲಿಸುವುದು ಹಾಗಲ್ಲ. ಅದನ್ನು ಕಲಿಸುವಾಗ ನಾವು ಮಗುವಿಗೆ ಒಂದು ವಚನ ಕೊಡುತ್ತಿದ್ದೇವೆ: ‘ನೀನು ಹೇಳು, ನಾನು ಕೇಳುತ್ತೇನೆ.’ ಮಗು ಅಂಗೈ ತಿರುವಿದ ಮೇಲೂ ಎಂಟನೆಯ ತುತ್ತು ತುರುಕಿದರೆ, ಸನ್ನೆ ಕಲಿಸದೆ ತುರುಕಿದ್ದಕ್ಕಿಂತ ಅದು ದೊಡ್ಡ ತಪ್ಪು. ‘ಹೇಳಿದರೂ ಯಾರೂ ಕೇಳುವುದಿಲ್ಲ’ ಎಂಬ ಪಾಠವನ್ನು ಆಗ ಅದು ಮೊದಲ ವರ್ಷದಲ್ಲೇ ಕಲಿಯುತ್ತದೆ. ನೆಂಟರೊಬ್ಬರು ಬಲವಂತವಾಗಿ ಎತ್ತಿಕೊಂಡಾಗ ಬೇಡವೆನ್ನುವ ಮಗುವನ್ನು, ನಾಳೆ ಯಾರೋ ಕೆಟ್ಟದಾಗಿ ಮುಟ್ಟಿದಾಗ ಬೇಡವೆನ್ನಬೇಕಾದ ಮಗುವನ್ನು ನೆನೆಯಿರಿ. ‘ಬೇಡ’ ಎಂದರೆ ನಿಲ್ಲುತ್ತದೆ ಎಂಬ ಧೈರ್ಯ ಗಂಜಿಯ ಬಟ್ಟಲಿನ ಮುಂದೆಯೇ ಹುಟ್ಟಬೇಕು.

“ಹಾಗಾದರೆ ಮಗು ಹೇಳಿದಂತೆ ನಾವು ಕುಣಿಯಬೇಕೇ?” ಎಂದು ನೀವು ಕೇಳಬಹುದು. ಇಲ್ಲ. ಕೇಳಿಸಿಕೊಳ್ಳುವುದು ಬೇರೆ, ಹೇಳಿದ್ದನ್ನೆಲ್ಲ ನಡೆಸಿಕೊಡುವುದು ಬೇರೆ. ಜ್ವರದ ಔಷಧಿಗೆ ಮಗು ‘ಸಾಕು’ ಎಂದರೂ ಕುಡಿಸಲೇಬೇಕು. ಆಗ ಕಾಗೆ ತೋರಿಸಿ ಮೋಸ ಮಾಡಬೇಡಿ. ಅದರ ಮುಖ ನೋಡಿ, “ಬೇಡವೆಂದು ಹೇಳಿದೆ, ಗೊತ್ತಾಯಿತು ಕಂದಾ. ಆದರೂ ಇದು ಬೇಕು” ಎನ್ನಿ. ಅದಕ್ಕೆ ಎಷ್ಟು ಅರ್ಥವಾದೀತು ಎಂದು ನಗಬೇಡಿ; ಆ ಮಾತಿನಿಂದ ಮೊದಲು ಬದಲಾಗುವವರು ನಾವು. ಗೆತ್ಸೆಮನೆ ತೋಪಿನಲ್ಲಿ ಯೇಸುಸ್ವಾಮಿ ಆ ಪಾತ್ರೆಯನ್ನು ತಮ್ಮಿಂದ ತೊಲಗಿಸಬೇಕೆಂದು ಬೇಡಿದರು. ಪಾತ್ರೆ ತೊಲಗಲಿಲ್ಲ. ಆದರೆ ತಂದೆ ಅವರಿಗೆ ಕಿವಿಗೊಡಲಿಲ್ಲವೆಂದು ನಾವು ಹೇಳುತ್ತೇವೆಯೇ?

ಸಂತ ಲೂಕರ ಶುಭಸಂದೇಶದ ಮೊದಲ ಅಧ್ಯಾಯದಲ್ಲಿರುವ ಒಂದು ಮನೆಯನ್ನು ನೋಡಿ. ಜಕರೀಯ ಮಾತು ಕಳೆದುಕೊಂಡು ಕೈಸನ್ನೆಯಲ್ಲೇ ದಿನ ದೂಡುತ್ತಿದ್ದಾನೆ. ಎಲಿಜಬೇತಳ ಗರ್ಭದಲ್ಲಿರುವ ಶಿಶು ಮಾತೆ ಮರಿಯಮ್ಮನವರ ದನಿ ಕೇಳಿ ನಲಿದಾಡುತ್ತದೆ. ಗಂಡನ ಸನ್ನೆಯ ನಡುವೆ ಬಾಳಿದ ಆ ತಾಯಿ ಶಿಶುವಿನ ಸನ್ನೆಯ ಅರ್ಥವನ್ನೂ ಅರಿತಳು. ಅದು ಆನಂದದ ನಲಿದಾಟವೆಂದು ತಿಳಿದಳು. ಮುಂದೆ ಅಡವಿಯಲ್ಲಿ ಕೂಗಿ ಹೇಳಬೇಕಾಗಿದ್ದ ಯೊವಾನ್ನನಿಗೆ, ಹುಟ್ಟುವ ಮೊದಲೇ ಕೇಳಿಸಿಕೊಳ್ಳುವವರೊಬ್ಬರಿದ್ದರು.

ಇನ್ನು ಅಜ್ಜಿಯ ಬಾಯಲ್ಲಿ ಬಂದ ‘ಮೂಗರ ಪಾಠ’ ಎಂಬ ಮಾತು. ಅದನ್ನು ನಾವು ಬಿಡಬೇಕು. ಕಿವುಡರ ಸನ್ನೆ ಭಾಷೆ ವ್ಯಾಕರಣವುಳ್ಳ ಪೂರ್ಣ ಭಾಷೆ. ಶಿಶುವಿಗೆ ಕಲಿಸುವ ನಾಲ್ಕಾರು ಸನ್ನೆ ಅದರ ನೆರಳು ಮಾತ್ರ. ಸುಮಾರು 1760ರಲ್ಲಿ ಪ್ಯಾರಿಸ್ಸಿನಲ್ಲಿ ಕಿವುಡ ಮಕ್ಕಳಿಗೆ ಸನ್ನೆಯಿಂದಲೇ ಪಾಠ ಹೇಳುವ ಉಚಿತ ಶಾಲೆ ತೆರೆದವರು ನಮ್ಮ ಧರ್ಮಸಭೆಯ ಒಬ್ಬ ಗುರು, ಷಾರ್ಲ್ ಮಿಷೆಲ್ ದ ಲೆಪೆ. ಭಾರತೀಯ ಸನ್ನೆ ಭಾಷೆಗಾಗಿ ಕೇಂದ್ರ ಸರ್ಕಾರವೇ 2015ರಲ್ಲಿ ದೆಹಲಿಯಲ್ಲಿ ಸಂಸ್ಥೆ ತೆರೆದಿದೆ. ನಿಮ್ಮ ಮಗು ಕರೆದರೆ ತಿರುಗಿ ನೋಡದಿದ್ದರೆ, ‘ನಮ್ಮ ಮನೆತನದಲ್ಲಿ ಮಾತು ತಡ’ ಎಂದು ಸುಮ್ಮನಿರಬೇಡಿ. ಬೇಗ ಕಿವಿ ಪರೀಕ್ಷೆ ಮಾಡಿಸಿ. ಕಿವುಡೆಂದು ಗೊತ್ತಾದರೆ ಬಚ್ಚಿಡಬೇಡಿ. ಭಾಷೆ ಇಲ್ಲದೆ ಕಳೆದ ವರ್ಷಗಳನ್ನು ಆ ಮಗುವಿಗೆ ಹಿಂದಿರುಗಿಸುವುದು ಬಹಳ ಕಷ್ಟ.

ದೀಕ್ಷಾಸ್ನಾನದ ವಿಧಿಯಲ್ಲಿ ‘ಎಫ್ಫಥಾ’ ಪ್ರಾರ್ಥನೆಯಿದ್ದರೆ ಗುರುಗಳು ಶಿಶುವಿನ ಕಿವಿಯನ್ನೂ ಬಾಯಿಯನ್ನೂ ಮುಟ್ಟಿ, ಅವು ತೆರೆಯಲೆಂದು ಬೇಡುತ್ತಾರೆ. ಮುಂದಿನ ಸಲ ಅದನ್ನು ನೋಡುವಾಗ ಮಗುವಿನ ಕಿವಿಯ ಜೊತೆ ನಮ್ಮ ಕಿವಿಗಾಗಿಯೂ ಪ್ರಾರ್ಥಿಸೋಣ.

ಈ ವಾರ ಮನೆಯಲ್ಲಿ ಒಂದು ಪ್ರಯತ್ನ ಮಾಡಿ. ಶಿಶುವಿದ್ದರೆ ‘ಸಾಕು’ ಎಂಬ ಒಂದೇ ಸನ್ನೆ ಕಲಿಸಿ. ಕೆಲವು ವಾರ ಹಿಡಿದೀತು, ಬೇಸರಿಸಬೇಡಿ. ಶಿಶುವಿಲ್ಲದ ಮನೆಯಲ್ಲಿ, ಪಾರ್ಶ್ವವಾಯುವಿನಿಂದ ಮಾತು ನಿಂತ ಅಪ್ಪನೋ ಅಜ್ಜನೋ ಮಲಗಿರಬಹುದು. ಅವರಿಗೆ ಉಣಿಸುವಾಗ ಒಂದು ಕ್ಷಣ ಚಮಚ ತಡೆದು, ಅವರ ಕೈಯನ್ನು ನೋಡಿ. ಅದು ಏನೋ ಹೇಳುತ್ತಿರಬಹುದು.